ಮುಧೋಳದ ನಾಯಿಯ ಬಿಳಿ ರಕ್ತಕಣದಲ್ಲಿ ಬಿಡಾರ ಹೂಡಿದವರಿಗೆ

ಮುಧೋಳ,
ಮಾರ್ಚ್ ೧೯೮೬

ಉಣ್ಣಿಯ ಎಂಜಲನ್ನೇ ಮೇನೆ ಮಾಡಿಕೊಂಡು ಬಂದಿಳಿದು, ನಮ್ಮ ಚಂದ್ರಿಯೆಂಬ ಬೇಟೆನಾಯಿಯ ನೆತ್ತರಿನಲ್ಲಿ ಸುಖವಾಸಿಗಳಾಗಿರುವ ಮಾನ್ಯ ಸೂಕ್ಷ್ಮಜೀವಿ ಮಹಾಶಯರೇ,

ತಮ್ಮ ಸಮಸ್ತ ಬಳಗಕ್ಕೆ, ಸಕ್ಕರೆ ಕಾರ್ಖಾನೆಯೊಂದರ ಗೇಟಿನಲ್ಲಿ ಇಪ್ಪತ್ತೆಂಟು ವರ್ಷ ಕಾವಲಿದ್ದು ಕಳೆದ ವರ್ಷ ನಿವೃತ್ತನಾದ ಅಣ್ಣಾಸಾಹೇಬನ ಸಾಷ್ಟಾಂಗ ನಮಸ್ಕಾರಗಳು. ಗೇಟ್ ಪಾಸ್ ಇಲ್ಲದೆ ಮ್ಯಾನೇಜರರ ಭಾವಮೈದುನನನ್ನೂ ಒಳಗೆ ಬಿಡದ ನನ್ನ ಕಣ್ಣೆದುರಿಗೇ ತಾವು ನನ್ನ ನಾಯಿಯೊಳಗೆ ಹೊಕ್ಕಿರಿ. ಇದಕ್ಕಾಗಿ ತಮ್ಮನ್ನು ಅಭಿನಂದಿಸದಿದ್ದರೆ ನನ್ನ ಕಸುಬಿಗೇ ಅವಮಾನ.

ತಾವು ಬಂದ ಬಗೆಯನ್ನು ದನದ ದವಾಖಾನೆಯ ಡಾಕ್ಟರ್ ವಿಠೋಬಾ ಅವರು ಚಂದ್ರಿಯ ಕಿವಿತುದಿಯ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಿಳಿಸಿದರು. ಉಣ್ಣಿ ಕಚ್ಚಿದ್ದು ನಾಯಿಗೆ ಗೊತ್ತೇ ಆಗದಂತೆ ಅದರ ಎಂಜಲು ಚರ್ಮವನ್ನು ಮಂಕುಮಾಡುತ್ತದಂತೆ, ಆ ಸಮಯ ಸಾಧಿಸಿ ತಾವು ಒಳಗಿಳಿಯುತ್ತೀರಂತೆ. ರೋಗಾಣುಗಳನ್ನು ನುಂಗಿ ಅರಗಿಸಲೆಂದೇ ಇರುವ ಬಿಳಿ ಕಣ ತಮ್ಮನ್ನೂ ಶಿಸ್ತಾಗಿ ನುಂಗುತ್ತದೆ. ತಾವಾದರೋ ಅರಗಿಸುವ ರಸ ಹತ್ತಿರ ಸುಳಿಯದಂತೆ ತಡೆದು, ಅದರ ಹೊಟ್ಟೆಯಲ್ಲೇ ಹಾಸಿಗೆ ಬಿಚ್ಚಿ, ಮಕ್ಕಳು ಮರಿ ಮಾಡಿಕೊಂಡು, ಗುರುತು ಸಿಕ್ಕೀತೆಂದು ಆಗಾಗ ಮೈಮೇಲಿನ ಅಂಗಿಯನ್ನೂ ಬದಲಿಸುತ್ತೀರಿ. "ಪೊಲೀಸ್ ಠಾಣೇದಾಗ ಕಳ್ಳ ಸಂಸಾರ ಹೂಡ್ಯಾನ್ರೀ ಅಣ್ಣಾಸಾಹೇಬ್ರ, ಪೊಲೀಸ್ರು ಊರೆಲ್ಲಾ ಹುಡುಕಾಕತ್ತಾರ" ಎಂದರು ಡಾಕ್ಟರು. ಅಬ್ಬಾ, ಏನು ತಲೆ ತಮ್ಮದು! ನಮ್ಮ ಕಾರ್ಖಾನೆಯಲ್ಲಿ ಇದ್ದಿದ್ದರೆ ತಾವು ಇಷ್ಟರಲ್ಲಿ ಯೂನಿಯನ್ ಅಧ್ಯಕ್ಷರಾಗಿರುತ್ತಿದ್ದಿರಿ.

ಆದರೆ ಮಾನ್ಯರೇ, ಇಷ್ಟು ದೊಡ್ಡ ಯಶಸ್ಸನ್ನು ತಾವೊಬ್ಬರೇ ಹೊತ್ತುಕೊಂಡು ಹೋಗುವುದು ನ್ಯಾಯವಲ್ಲ, ಇದರಲ್ಲಿ ನಮ್ಮ ಪಾಲೂ ಇದೆ. ನಮ್ಮೂರ ಬೇಟೆನಾಯಿ ಎಂದರೆ ಪಕ್ಕೆಲುಬು ಎಣಿಸುವಂತಿರಬೇಕು, ನಡು ಹಿಡಿಯಷ್ಟೇ ಇರಬೇಕು. ತಾವು ಒಳಗೆ ಕುಳಿತು ಚಂದ್ರಿಯನ್ನು ಕರಗಿಸತೊಡಗಿದಾಗ ಓಣಿಯ ಹಿರಿಯರಾದ ಗಿರಮಲ್ಲಪ್ಪನವರು ನಿಂತು ನೋಡಿ, "ಏನ್ ನಡಾ ಐತೋ ಮಾರಾಯಾ, ಖರೆ ತಳಿ ಅಂದ್ರ ಇದು!" ಎಂದರು. ನಾನು ಮೀಸೆ ತಿರುವಿದೆ. ಚಂದ್ರಿ ರೊಟ್ಟಿ ಮೂಸಿ ಮುಖ ತಿರುಗಿಸತೊಡಗಿದಾಗ ನನ್ನ ಮನೆಯಾಕೆ ಕಸ್ತೂರೆವ್ವ, "ನಾಯಿಗೆ ಆರಾಮ ಇಲ್ರೀ, ದವಾಖಾನಿಗೆ ಒಯ್ಯೂಣು" ಎಂದು ಎರಡು ವಾರ ಬಡಿದುಕೊಂಡಳು. "ನಿನಗ ತಳೀ ವಿಚಾರ ತಿಳಿಯೂದಿಲ್ಲ, ಸುಮ್ಮಕಿರು" ಎಂದು ಗದರಿಸಿದವನು ನಾನೇ. ಕೊನೆಗೆ ಚಂದ್ರಿಯ ಮೂಗಿನಿಂದ ರಕ್ತ ಸುರಿಯಿತು, ನಾನು ಅವಳನ್ನು ಹೆಗಲ ಮೇಲೆ ಹೊತ್ತು ದವಾಖಾನೆಗೆ ಓಡಿದೆ.

ಕಾರಣ, ತಾವು ಇನ್ನು ಮುಂದೆ ಯಾವುದೇ ನಾಯಿಯೊಳಗೆ ಹೋಗುವ ಮುನ್ನ ಹೆಸರು, ಊರು, ಬಂದ ಕೆಲಸವನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಬೇಕೆಂದೂ, ಅಂಗಿ ಬದಲಿಸುವ ಎರಡು ದಿನ ಮೊದಲು ಲಿಖಿತ ನೋಟೀಸು ಕೊಡಬೇಕೆಂದೂ, ಬಿಳಿ ಕಣ ನುಂಗಿದ ಮೇಲೆ ಮರ್ಯಾದೆಯಿಂದ ಅರಗಿ ಹೋಗಬೇಕೆಂದೂ ಕೈಮುಗಿದು ಬೇಡುತ್ತೇನೆ. ತಮಗೆ ಇದು ಆಗದ ಮಾತಾದರೆ ಡಾಕ್ಟರು ಕೊಟ್ಟ ಗುಳಿಗೆಗಳಿವೆ, ಅವು ತಾವಿರುವ ಕೋಣೆಯವರೆಗೂ ಬರುತ್ತವಂತೆ. ಗುಳಿಗೆ ಶುರುಮಾಡಿ ಇಂದಿಗೆ ಒಂಬತ್ತು ದಿನವಾಯಿತು. ಚಂದ್ರಿ ಇನ್ನೂ ಎದ್ದು ನಿಂತಿಲ್ಲ. ಮಹಾಶಯರೇ, ನನಗೆ ತಮ್ಮ ಮೇಲಿರುವ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚು.

ಗೇಟು ಕಾಯ್ದು ಗೇಟು ಕಾಯ್ದು ಮನೆಯನ್ನೇ ಕಾಯಲಾರದೆ ಹೋದ,
ತಮ್ಮ ವಿಶ್ವಾಸಿ,
ಅಣ್ಣಾಸಾಹೇಬ

ತಾ.ಕ.: ಪತ್ರವನ್ನು ಲಕೋಟೆಗೆ ಹಾಕುವ ಹೊತ್ತಿಗೆ ಚಂದ್ರಿ ತೂರಾಡುತ್ತ ಎದ್ದು ಬಂದಳು. ತಮ್ಮ ಮುಂದಿನ ವಸತಿಯನ್ನು ತಾವು ಈಗಲೇ ಹುಡುಕಿಕೊಳ್ಳುವುದು ಒಳ್ಳೆಯದು. ನಾನು ಓಡಿ ಹೋಗಿ ಹಾಲಿನಲ್ಲಿ ನೆನೆಸಿದ ರೊಟ್ಟಿ ಹಿಡಿದೆ, ಅವಳು ನನ್ನನ್ನು ದಾಟಿಕೊಂಡು ಹೋಗಿ ಕಸ್ತೂರೆವ್ವನ ಕೈಯಿಂದ ಒಣರೊಟ್ಟಿ ತಿಂದಳು. ಮೈಯೊಳಗೇ ಇದ್ದ ತಮ್ಮನ್ನು ಗುರುತಿಸಲಾಗದ ನಾಯಿ, ನನ್ನನ್ನು ಮಾತ್ರ ಸರಿಯಾಗಿಯೇ ಗುರುತಿಸಿದೆ.