ಶ್ರಾವಣದಲ್ಲಿ ಬೆಳ್ಳುಳ್ಳಿ ವಾಸನೆ

ಮುನೀಮ ವೈಜಿನಾಥನ ಮೂಗಿಗೆ ಬೆಳ್ಳುಳ್ಳಿ ವಾಸನೆ ಬಡಿದದ್ದೇ ಎಲ್ಲ ಗದ್ದಲಕ್ಕೂ ಮೂಲ.

ಗಾಂಧಿ ಗಂಜಿನ ಪೇಟೆಯಲ್ಲಿ ಬೇರೆ ಯಾರಿಗಾದರೂ ಬಡಿದಿದ್ದರೆ ಹಸಿವಾಗುತ್ತಿತ್ತು, ಅಷ್ಟೆ. ಆದರೆ ಇದು ಶ್ರಾವಣ. ಸಾಹುಕಾರ ಭಾಲಚಂದ್ರರು ಈ ತಿಂಗಳು ಬೆಳ್ಳುಳ್ಳಿ ಮುಟ್ಟುವವರಲ್ಲ. ಕಾಳುಕಡಿ ದಲಾಲಿಯ ತಮ್ಮ ಅಡತಿ ಅಂಗಡಿಯೊಳಗೆ ಇನ್ನೊಬ್ಬರು ತಂದರೂ ಸಹಿಸುವವರಲ್ಲ. ಹಮಾಲರು ಕೂಡ ಬುತ್ತಿ ಹಿಡಿದು ಬೇವಿನ ಮರದ ಕೆಳಗೆ ಹೋಗಬೇಕು. ಮೇಲಾಗಿ ಹಿಂದಿನ ಗೋದಾಮಿನಲ್ಲಿ ತೊಗರಿ ಚೀಲಗಳಿಗೆ ತಾಡಪತ್ರಿ ಹೊದಿಸಿ, ಹುಳು ಸಾಯುವ ಗುಳಿಗೆ ಇಟ್ಟಿದ್ದರು. ಗುಳಿಗೆ ಇಡಲು ಭಾಲ್ಕಿಯಿಂದ ಬಂದಿದ್ದ ಅಮಿತಕುಮಾರ ಎಲ್ಲರಿಗೂ ತಾಕೀತು ಮಾಡಿದ್ದ:

"ಈ ಗ್ಯಾಸ್ ಕಣ್ಣಿಗಿ ಕಾಣಲ್ರಿ. ತಲಿ ಸುತ್ತಿದ್ರ, ಎದಿ ಬಿಗದ್ರ, ಬಳ್ಳೊಳ್ಳಿ ವಾಸನಿ ಬಂದ್ರ ವಿಚಾರ ಮಾಡಕೋತ ಕೂಡಬ್ಯಾಡ್ರಿ. ಮೊದಲ ಹೊರಗ ನಡೀರಿ."

ಅಂದಿನಿಂದ ವೈಜಿನಾಥನ ಜೀವ ಮೂಗಿನಲ್ಲೇ ಇತ್ತು. ನಿನ್ನೆಯಷ್ಟೇ ಫಿನಾಯಿಲ್ ವಾಸನೆಗೆ ಹೆದರಿ ಅಂಗಡಿ ಖಾಲಿ ಮಾಡಿಸಿದ್ದ. "ಇನ್ನೊಮ್ಮೆ ಸುಳ್ಳೇ ಗದ್ಲ ಮಾಡಿದ್ರ ನೌಕರಿ ಬಿಟ್ಟು ಮನಿಗಿ ಹೋಗು" ಎಂದಿದ್ದರು ಸಾಹುಕಾರರು.

ನೌಕರಿಯೋ, ಜೀವವೋ? ಪಾಪ, ಅವನು ಜೀವದ ಕಡೆಗೇ ವಾಲಿದ. "ಗ್ಯಾಸ್ ಬಂದದ್ರೀ, ಹೊರಗ ನಡೀರಿ!"

ಅಂಗಡಿ ಬೀದಿಗೆ ಬಂತು. ಒಳಕೋಣೆಯಿಂದ ಸಾಹುಕಾರರೂ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಓಡಿ ಬಂದರು. ಹಮಾಲ ಕಾಶೀರಾಮನಿಗೆ ತಲೆ ಸುತ್ತಿತು. ಎದುರಿನ ಚಹಾದಂಗಡಿಯ ಅಬ್ದುಲ ಖಾದರನಿಗೆ ಕೆಮ್ಮು ಹತ್ತಿತು.

"ನೀವು ಒಳಗೇ ಬಂದಿಲ್ಲಲ್ರಿ?" ಎಂದ ವೈಜಿನಾಥ.

"ನಿಮ್ಮನ್ನ ನೋಡಿ ಬಂತ್ರಿ."

ಆದರೆ ಎಲ್ಲರ ಚಿಂತೆ ಸಾಹುಕಾರರದು. ಬೆಳಗಿನಿಂದ ಸಂಜೆಯವರೆಗೆ ಬಯ್ಯುವ ಬಾಯಿಂದ ಒಂದು ಮಾತೂ ಇಲ್ಲ. "ಸಾಹುಕಾರ್ರೆ, ಏನರೆ ಮಾತಾಡ್ರಿ" ಎಂದು ವೈಜಿನಾಥ ಗೋಗರೆದ. ಅವರು ತಲೆಯಲ್ಲಾಡಿಸಿ ಕರವಸ್ತ್ರವನ್ನು ಇನ್ನಷ್ಟು ಒತ್ತಿಕೊಂಡರು.

"ನಾಲಿಗಿ ಬಿದ್ದಹೋಗ್ಯಾದ" ಎಂದು ಕಾಶೀರಾಮ ಆಟೋ ಕರೆದ.

ಅಷ್ಟರಲ್ಲಿ ಪಕ್ಕದ ಗೋದಾಮಿನಲ್ಲಿದ್ದ ಅಮಿತಕುಮಾರ ಮುಖಕ್ಕೆ ಗ್ಯಾಸ್ ಮಾಸ್ಕ್ ಹಾಕಿ, ಗ್ಯಾಸ್ ಅಳೆಯುವ ಮೀಟರ್ ಹಿಡಿದು ಒಳಗೆ ಹೋದ. ಹೊರಬಂದಾಗ ಕೈಯಲ್ಲೊಂದು ಸ್ಟೀಲ್ ಡಬ್ಬಿಯೂ ಇತ್ತು. "ಗ್ಯಾಸ್ ಇಲ್ರಿ. ಒಳಕೋಣಿ ಗಾದಿ ಬುಡಕ ರೊಟ್ಟಿಗಿ ಹಚ್ಚಕೊಳ್ಳೋ ಬಳ್ಳೊಳ್ಳಿ ಹಿಂಡಿ ಸಿಕ್ತು. ಆದ್ರ ಹೊರಗ ಬಂದಿದ್ದು ಛಲೋನೇ ಆಯ್ತು."

ಗುಂಪು ನಕ್ಕಿತು. ವೈಜಿನಾಥ ಸಾಹುಕಾರರತ್ತ ನೋಡಿದ. ಅವರು ಈಗ ಕರವಸ್ತ್ರ ತೆಗೆದರು. ಬೆಳ್ಳುಳ್ಳಿ ಘಾಟು ನೆಟ್ಟಗೆ ಅವನ ಮೂಗಿಗೇ ಬಂತು.

"ವೈಜಿನಾಥ, ಶ್ರಾವಣದಾಗ ನನ್ನ ಗಾದಿ ಬುಡಕ ನಿನ್ನ ಡಬ್ಬಿ ಇಡ್ತಿ? ನಾಚಿಕಿ ಆಗಲ್ಲ?"

ವೈಜಿನಾಥ ಬಾಯಿ ತೆರೆದ. ನೌಕರಿ ನೆನಪಾಯಿತು. "ತಪ್ಪಾಯ್ತ್ರಿ" ಎಂದ.

ಸಂಜೆ ಸಾಹುಕಾರರು ಅವನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು: "ನೌಕರಿಗಿ ಏನೂ ಆಗಲ್ಲ. ಹಿಂಡಿ ನಿಂದೇ ಅಂತ ಗಂಜಿಗೆಲ್ಲಾ ಗೊತ್ತಾಗ್ಯಾದ. ಇನ್ನ ಅಮಾಸಿ ತನಕ ನಿನ್ನ ಮನಿಯಿಂದೇ ತಾ. ಖಾರ ಸ್ವಲ್ಪ ಜಾಸ್ತಿ ಇರ್ಲಿ." ಖಾಲಿ ಡಬ್ಬಿಯನ್ನು ಕೈಗಿಟ್ಟರು.

ಮನೆ ಬಾಗಿಲಲ್ಲಿ ಹೆಂಡತಿ ವಿಮಲಾಬಾಯಿ ನಿಂತಿದ್ದಳು. ಶ್ರಾವಣದ ವ್ರತ ಹಿಡಿದವಳು. ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಡಬ್ಬಿಯ ಮುಚ್ಚಳ ತೆಗೆದು ಒಮ್ಮೆ ಮೂಸಿದಳು.

"ವಿಮಲಾ, ನಾ ಹೇಳೋದು ಒಂದೀಟು ಕೇಳು..."

ಅವಳು ವಿಚಾರ ಮಾಡುತ್ತ ಕೂಡಲಿಲ್ಲ. "ಮೊದಲ ಹೊರಗ ನಡೀರಿ" ಎಂದು ಬಾಗಿಲು ಹಾಕಿಕೊಂಡಳು.