ಬೋರೇಗೌಡರ ಟ್ರಾಕ್ಟರು ಎತ್ತಿನಗಾಡಿಯಾದದ್ದು

ಹೊಸದಾಗಿ ಒಂದು ಮಾತು ಕಲಿತರೆ, ಅದನ್ನು ನಾಲ್ಕು ಜನರ ಮುಂದೆ ಆಡುವ ತನಕ ನನಗೆ ಉಂಡ ಅನ್ನ ಅರಗುವುದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಸೀಮೆಯ ಒಂದು ಸಣ್ಣ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವ ಕೆಲಸ ನನ್ನದಾಗಿತ್ತು. ಆಗ ಹೊಸದಾಗಿ ಕಲಿತ ಮಾತು 'ಕಾನ್ಸ್ಟ್'. ಮಾಹಿತಿಯನ್ನು ಓದಬಹುದು, ಬದಲಾಯಿಸುವಂತಿಲ್ಲ ಎಂದು ಪ್ರೋಗ್ರಾಮಿಗೆ ಹಾಕುವ ಕಟ್ಟಪ್ಪಣೆ ಅದು. ಚೀಟಿ ಮುದ್ರಿಸುವ ಭಾಗಕ್ಕೆ ಅದನ್ನು ಹಾಕಿ, "ಇನ್ನು ಬ್ರಹ್ಮ ಬಂದರೂ ತೂಕ ಬದಲಾಗಲ್ಲ ಸಾರ್" ಎಂದು ಮ್ಯಾನೇಜರಿಗೆ ಹೇಳಿದೆ. ಬ್ರಹ್ಮ ಬರಲಿಲ್ಲ. ಅರಕೆರೆಯ ಬೋರೇಗೌಡರು ಬಂದರು.

"ಏನ್ ಸ್ವಾಮಿ, ಟ್ರಾಕ್ಟರ್ ತುಂಬಾ ತಂದಿವ್ನಿ, ಚೀಟೀಲಿ ಎತ್ತಿನಗಾಡಿ ತೂಕ ಬಂದದೆ! ಉಳಿದುದ್ದ ದಾರೀಲಿ ನಾನೇ ಅಗ್ದುಬುಟ್ನಾ?"

ಚೀಟಿ ನೋಡಿದೆ. ಮೇಲೆ ಗೌಡರ ಹೆಸರು, ಕೆಳಗೆ ಸಾಲಿನಲ್ಲಿ ಅವರ ಹಿಂದೆ ನಿಂತಿದ್ದ ಎತ್ತಿನಗಾಡಿಯ ತೂಕ. ನಮ್ಮ ಪ್ರಿಂಟರು ಅಕ್ಷರ ಅಕ್ಷರ ಕೊರೆಯುವ ಜಾತಿಯದು. ಅದು ಹೆಸರು ಮುಗಿಸಿ ತೂಕಕ್ಕೆ ಬರುವಷ್ಟರಲ್ಲಿ, ಕೀಲಿಮಣೆಯ ಮುಂದಿದ್ದ ಪುಟ್ಟಸ್ವಾಮಿ ಅದು ಓದುತ್ತಿದ್ದ ಜಾಗದಲ್ಲೇ ಆ ಗಾಡಿಯ ವಿವರ ತುಂಬಿದ್ದ. ನನ್ನ ಅಪ್ಪಣೆ ಪ್ರಿಂಟರಿಗೆ ಮಾತ್ರ ಇತ್ತು, ಪುಟ್ಟಸ್ವಾಮಿಗೆ ಇರಲಿಲ್ಲ. ಮನೆಯಲ್ಲಿ ಇದನ್ನು ಹೇಳಿಕೊಂಡಾಗ ಹೆಂಡತಿ, "ಬೀದಿ ಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆಗ್ದಿಟ್ರಾ?" ಎಂದಳು. ಎರಡು ವಾರ ಪುಸ್ತಕ ಓದಿ ನನಗೆ ಅರ್ಥವಾಗದ್ದು ಅವಳಿಗೆ ಹುರುಳಿಕಾಯಿ ಮುರಿಯುತ್ತಲೇ ಅರ್ಥವಾಗಿತ್ತು.

ಗೌಡರ ಟ್ರಾಕ್ಟರನ್ನು ಮತ್ತೆ ತೂಗಿಸಿ, ನಾನು ಪ್ರೋಗ್ರಾಮಿನೊಳಗೇ ಒಂದು ಬಾವುಟ ಕಂಡುಹಿಡಿದೆ. ಪ್ರಿಂಟರು ಓದಲು ಶುರುಮಾಡಿದೊಡನೆ ಬಾವುಟ ಏರಬೇಕು, ಮುಗಿದ ಮೇಲೆ ಇಳಿಯಬೇಕು; ಏರಿರುವ ತನಕ ಪುಟ್ಟಸ್ವಾಮಿ ಕೀಲಿ ಒತ್ತಿದರೆ ಯಂತ್ರ 'ಕೀಂಯ್' ಎಂದು ಗದರಬೇಕು. ಎರಡು ದಿನ ಸೊಗಸಾಗಿ ಗದರಿತು. ಮೂರನೆಯ ದಿನ ಮುದ್ರಣದ ನಡುವೆ ಕಾಗದ ಹರಿಯಿತು. ಅಂಥ ಹೊತ್ತಿನಲ್ಲೂ ಬಾವುಟ ಇಳಿಸಬೇಕೆಂದು ನಾನು ಬರೆದಿರಲಿಲ್ಲ. ಏರಿದ್ದು ಏರಿಯೇ ಉಳಿಯಿತು. ಯಂತ್ರ ಕೀಂಯ್ ಕೀಂಯ್ ಎನ್ನುತ್ತಿದ್ದರೆ, ಹೊರಗೆ ಗಾಡಿಗಳು ಗೇಟು ದಾಟಿ ರಸ್ತೆಗೆ ಬಂದವು. ಕಬ್ಬು ಬಿಸಿಲಿಗೆ ಒಣಗುತ್ತಿತ್ತು, ಎತ್ತುಗಳು ಮುಂದಿನ ಗಾಡಿಯ ಸೋಗೆ ಮೇಯುತ್ತಿದ್ದವು, ರೈತರ ಬಾಯಲ್ಲಿ ನನ್ನ ವಂಶವೆಲ್ಲ ಓಡಾಡುತ್ತಿತ್ತು.

ಸಾಲಿನಲ್ಲಿ ಬೋರೇಗೌಡರೂ ಇದ್ದರು. ಒಳಗೆ ಬಂದು, "ಈಗೇನ್ಲಾ ಪುಟ್ಟಸ್ವಾಮಿ ರೋಗ?" ಎಂದರು. ನಾನೇ ಹೇಳಿದೆ: "ಗೌಡ್ರೇ, ಒಬ್ಬ ಓದ್ತಿರೋ ಸ್ಲೇಟಿನ ಮೇಲೇ ಇನ್ನೊಬ್ಬ ಬರೀತಾನೆ. ಅದನ್ನ ತಡೆಯೋಕೆ ಹೋಗಿ ಹಿಂಗಾಯ್ತು."

ಗೌಡರು ನನ್ನನ್ನು ಕನಿಕರದಿಂದ ನೋಡಿದರು. "ಅಲ್ಲ ಸ್ವಾಮಿ, ಓದೋನ್ಗೆ ಇನ್ನೊಂದು ಸ್ಲೇಟ್ಗೆ ಬರ್ಕೊಟ್ಬುಡಿ. ಅವ್ನ್ಪಾಡ್ಗೆ ಅವ್ನು ಓದ್ಕೊಳ್ಳಿ, ಇವ್ನ್ಪಾಡ್ಗೆ ಇವ್ನು ಬರ್ಕೊಳ್ಳಿ. ಅದ್ಕ್ಯಾಕೆ ಇಷ್ಟೊಂದ್ ರಂಪ?"

ಹತ್ತು ಸಾಲು ಬರೆದೆ. ಮುದ್ರಣಕ್ಕೆ ಮೊದಲು ಗಾಡಿಯ ವಿವರದ್ದು ಪ್ರಿಂಟರಿಗೇ ಬೇರೆ ಒಂದು ನಕಲು. ಬಾವುಟವೂ ಬೇಡವಾಯಿತು, ಗದರಿಕೆಯೂ ನಿಂತಿತು, ಗಾಡಿಗಳು ಕದಲಿದವು. ಸಂಜೆ ಮ್ಯಾನೇಜರು ನನ್ನ ಬೆನ್ನು ತಟ್ಟಿ, "ಎಂಥಾ ಉಪಾಯ ಕಣ್ರೀ! ಹೇಗೆ ಹೊಳೀತು?" ಎಂದು ಕೇಳಿದರು.

"ದೊಡ್ಡ ಪುಸ್ತಕದಲ್ಲಿ ಇತ್ತು ಸಾರ್" ಎಂದೆ.