ಮಾತಾಡಿಕೊಂಡು ನಡೆಯುವ ಮದ್ದು

ಕಾಲು ಒಂದು ಕಡೆ ನಿಲ್ಲದವನ ಹಿಂದೆ ಫಜೀತಿಗಳೂ ಚಪ್ಪಲಿ ಮೆಟ್ಟಿಕೊಂಡೇ ಬರುತ್ತವೆ. ಆರನೆಯ ಕ್ಲಾಸಿಗೆ ಶಾಲೆ ಬಿಟ್ಟ ನಾನು ಬೊಂಬಾಯಿಯ ಹೋಟೆಲು, ಕಾರ್ಕಳದ ಲಾರಿ ಎಂದು ಸುತ್ತದ ಕಡೆ ಇಲ್ಲ. ಆದರೆ ಹೆಚ್ಚು ಫಜೀತಿಪಟ್ಟದ್ದು ಕಾಪುವಿನ ಹೆಂಡತಿ ಮನೆಯಲ್ಲಿ, ಎಂಬತ್ತರ ದಶಕದ ಸುರುವಿನಲ್ಲಿ, ಅವಳಿಗೆ ಎರಡು ತಿಂಗಳಾಗಿದ್ದಾಗ.

೧. ಡಾಕ್ಟರಮ್ಮ ಹೇಳಿದ್ದು

ಹಿಂದಿನ ವರ್ಷ ಒಂದು ಬಸಿರು ಮೂರು ತಿಂಗಳಾಗುವ ಮೊದಲೇ ಹೋಗಿತ್ತು. ಹಾಗಾಗಿ ಈ ಸಲ ಅತ್ತೆ ತಮ್ಮ ಮಗಳನ್ನು ಚಾಪೆಯಿಂದ ಏಳಲು ಬಿಡಲಿಲ್ಲ. ಮಣಿಪಾಲದ ಡಾಕ್ಟರಮ್ಮ ಪರೀಕ್ಷೆ ಮಾಡಿ, "ಹೀಗೆ ಮಲಗಿಸಿಡಬೇಡಿ. ಅದು ಹೋದದ್ದು ಇವರು ನಡೆದದ್ದರಿಂದ ಅಲ್ಲ. ಬಿಸಿಲು ಇಳಿದ ಮೇಲೆ ದಿನಾ ಸ್ವಲ್ಪ ನಡೆಯಲಿ. ಭಾರ ಎತ್ತುವುದು, ಹಾರುವುದು ಬೇಡ. ಹೊಟ್ಟೆನೋವು, ರಕ್ತ ಕಂಡರೆ ಕೂಡಲೇ ಬನ್ನಿ" ಎಂದರು.

"ಎಷ್ಟು ಜೋರು ನಡೆಯಬಹುದು?" ಎಂದು ನಾನು ಕೇಳಿದೆ.

"ಮಾತಾಡಿಕೊಂಡು ನಡೆಯುವಷ್ಟು. ಮಾತು ನಿಂತರೆ ನಡಿಗೆ ನಿಲ್ಲಿಸಿ."

ಹೊರಗೆ ಬಂದ ಅತ್ತೆಯ ಮುಖ ಅರಳಿತ್ತು. "ಮಾತೇ ಮದ್ದಾದರೆ ಹೆದರಿಕೆ ಇಲ್ಲ ಮಾರಾಯ್ರೇ. ಇವಳ ಹತ್ತಿರ ಅದರ ದಾಸ್ತಾನೇ ಉಂಟು!"

೨. ಮೊಟ್ಟೆ

ಮೂರು ತಿಂಗಳು ತುಂಬುವ ತನಕ ಸುದ್ದಿ ಯಾರಿಗೂ ಗೊತ್ತಾಗಬಾರದೆಂದು ಅತ್ತೆಯ ಕಟ್ಟಪ್ಪಣೆ. ಮರಳಿ ಬರುವಾಗ ಉಡುಪಿಯಲ್ಲಿ ಹತ್ತಿದ ಬಸ್ಸು ಇನ್ನೊಂದು ಬಸ್ಸಿನ ಜೊತೆ ಓಟಕ್ಕೆ ಬಿದ್ದಿತು. ಹೊಂಡ ಬಂದಾಗಲೆಲ್ಲ ಅತ್ತೆಯದು ಒಂದೇ ಕೂಗು: "ಡ್ರೈವರಣ್ಣಾ, ಮೆಲ್ಲ! ಮೊಟ್ಟೆ ಉಂಟು!"

ಡ್ರೈವರ್ ಪಾಪ, ಎತ್ತಿನಗಾಡಿಯ ಹಾಗೆ ಬಿಟ್ಟ. ಹಿಂದಿನ ಬಸ್ಸು ಮುಂದೆ ಹೋಗಿ ದಾರಿಯ ಜನರನ್ನೆಲ್ಲ ಬಾಚಿಕೊಂಡಿತು. ಕಾಪುವಿನಲ್ಲಿ ಇಳಿಯುವಾಗ ಅತ್ತೆಯ ಖಾಲಿ ಕೈ ನೋಡಿ ಕಂಡಕ್ಟರ್ ಕೇಳಿದ, "ಎಷ್ಟು ಮೊಟ್ಟೆ ಅಮ್ಮಾ?"

ಅತ್ತೆ ಮಗಳ ಕೈಹಿಡಿದು ಇಳಿಸುತ್ತಾ, "ಒಂದೇ" ಎಂದರು.

"ಒಂದು ಮೊಟ್ಟೆಗೆ ಇಷ್ಟು ಬೊಬ್ಬೆಯಾ!"

೩. ಎಲ್ಲಿಗೆ?

ನಮ್ಮ ಕಡೆ ದಾರಿಯಲ್ಲಿ ಸಿಕ್ಕಿದವರು ಮೊದಲು ಕೇಳುವುದೇ "ಎಲ್ಲಿಗೆ?" ಎಂದು. ಕೆಲಸವಿಲ್ಲದೆ ನಡೆಯುವವರು ಆಗ ಎಲ್ಲಿದ್ದರು? ಕಡಲ ಬದಿಯ ದಾರಿಯಲ್ಲಿ ಮುಂದೆ ನಾವಿಬ್ಬರು. ಮಗಳ ಮಾತು ನಿಲ್ಲುತ್ತದೋ ಎಂದು ಕಿವಿಕೊಟ್ಟುಕೊಂಡು ಹಿಂದೆ ಅತ್ತೆ. ಅಂಗಡಿಗೆ ಹೊರಟವರ ಹಾಗೆ ಕಾಣಲೆಂದು ಹೆಂಡತಿಯ ಕೈಯಲ್ಲೊಂದು ಚೀಲ.

ಮೀನು ಮಾರುವ ಹೆಂಗಸು ಒಂದು ದಿನ ಅಡ್ಡ ನಿಂತಳು. "ದಿನಾ ಖಾಲಿ ಚೀಲ ಹೋಗುತ್ತದೆ, ಖಾಲಿ ಚೀಲ ಬರುತ್ತದೆ. ಎಂತ ತರಲಿಕ್ಕೆ?"

"ಎಂತದೂ ಇಲ್ಲ, ಸುಮ್ಮನೆ" ಎಂದಳು ಹೆಂಡತಿ.

"ಅಯ್ಯೋ ಮಗಾ, ಗಂಡನ ಊರು ಸುತ್ತುವ ರೋಗ ನಿನಗೂ ಅಂಟಿತಾ!"

೪. ಮಾತು ನಿಂತದ್ದು

ಅಷ್ಟರಲ್ಲಿ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಕೆಲಸ ಉಂಟೆಂದು ಕೇಳಿ ನನ್ನ ಕಾಲು ತುರಿಸತೊಡಗಿತು. ನಡೆಯುವಾಗಲೇ ಹೆಂಡತಿಗೆ ಹೇಳಿದೆ, "ಒಮ್ಮೆ ಹೋಗಿ ನೋಡಿ ಬರುತ್ತೇನೆ." ಅವಳು ಗಪ್ಪೆಂದು ಬಾಯಿ ಮುಚ್ಚಿದಳು.

ಹಿಂದಿನಿಂದ ಅತ್ತೆಯ ಬೊಬ್ಬೆ: "ದೇವರೇ! ಮಾತು ನಿಂತಿತು!"

ಓಡಿ ಬಂದು ಮಗಳನ್ನು ಮೋರಿಯ ಕಟ್ಟೆಯ ಮೇಲೆ ಕೂರಿಸಿದರು. ಎಷ್ಟು ಕೇಳಿದರೂ ಅವಳು ತುಟಿ ಬಿಚ್ಚಲಿಲ್ಲ. ಕಣ್ಣಲ್ಲಿ ನೀರು ಬೇರೆ. ಹಿಂದಿನ ವರ್ಷದ್ದು ನೆನಪಾಗಿ ನನ್ನ ಜೀವವೂ ಬಾಯಿಗೆ ಬಂತು. ಬಾಡಿಗೆ ಕಾರು ಹಿಡಿದು ಮಣಿಪಾಲಕ್ಕೆ ಓಡಿದೆವು.

ಡಾಕ್ಟರಮ್ಮ ಎಲ್ಲ ನೋಡಿದರು. "ಏನೂ ತೊಂದರೆ ಇಲ್ಲವಲ್ಲ! ಮಾತಾಡಲು ದಮ್ಮು ಕಟ್ಟುತ್ತದಾ?"

"ಇಲ್ಲ ಡಾಕ್ಟರೇ. ಇವರ ಹತ್ತಿರ ಮಾತು ಬಿಟ್ಟಿದ್ದೇನೆ. ಇಂಥ ಹೊತ್ತಲ್ಲಿ ಹುಬ್ಬಳ್ಳಿಗೆ ಹೊರಟಿದ್ದಾರೆ."

ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಡೆಯಲು ಹೇಳಿದ್ದು ಇವರಿಗೆ. ನಿಮಗಲ್ಲ."

ನಾನು ಹುಬ್ಬಳ್ಳಿಗೆ ಹೋಗಲಿಲ್ಲ. ದಿನ ತುಂಬಿ ಮಗಳು ಹುಟ್ಟಿದಳು. ಮಗುವನ್ನು ಡಾಕ್ಟರಮ್ಮನಿಗೆ ತೋರಿಸಿ ಬರುವಾಗ ಸಿಕ್ಕಿದ್ದು ಅದೇ ಬಸ್ಸು, ಅದೇ ಕಂಡಕ್ಟರ್. ಮೊದಲ ಹೊಂಡಕ್ಕೇ ಅತ್ತೆ, "ಡ್ರೈವರಣ್ಣಾ, ಮೆಲ್ಲ!" ಎಂದರು.

ಕಂಡಕ್ಟರ್ ತಿರುಗಿದ. "ಇವತ್ತೂ ಮೊಟ್ಟೆಯಾ ಅಮ್ಮಾ?"

ಅತ್ತೆ ಮಡಿಲಿನ ಬಟ್ಟೆ ಸರಿಸಿ ತೋರಿಸಿದರು.

"ಅವತ್ತಿನದ್ದೇ ಮಾರಾಯ. ಮರಿ ಆಯಿತು!"